ಫೋನಿನೊಳಗಿನ ರಿಕ್ಷಾ ಸ್ಟ್ಯಾಂಡು

ನನಗಾಗ ಅರವತ್ತೆಂಟು ವರ್ಷ. ಇದು ನಡೆದು ಎರಡು ವರ್ಷವಾಯಿತು, ಇನ್ನು ಹೇಳಿದರೆ ನಷ್ಟವಿಲ್ಲ. ಸರ್ಕಾರಿ ನೌಕರಿ ಮಾಡಿದ ಗಂಡಸಿಗೆ ಒಂದು ದಿನ ಹಾರ ಹಾಕಿ, ಶಾಲು ಹೊದಿಸಿ, ಸಾಕು ಮನೆಗೆ ಹೋಗಪ್ಪ ಎಂದು ಕಳಿಸುತ್ತಾರೆ. ಹಾರ ನೋಡಿಯಾದರೂ ಅವನಿಗೆ ತಿಳಿಯುತ್ತದೆ. ಹೊಲದಲ್ಲಿ ದುಡಿಯುವವನಿಗೆ ಅವನ ಮೊಣಕಾಲೇ ಹೇಳುತ್ತದೆ. ರಿಕ್ಷಾ ಹೊಡೆಯುವವನಿಗೆ ಮಾತ್ರ ಹೇಳುವವರು ಯಾರೂ ಇಲ್ಲ. ಕುಂತು ಮಾಡುವ ಕೆಲಸ, ಮೊಣಕಾಲಿಗೆ ಗೊತ್ತಾಗುವುದಿಲ್ಲ. ಹಾರ ಹಾಕುವವರು ಬರುವುದಿಲ್ಲ. ಯಾರಾದರೂ ಕೈಯಿಂದ ಚಾವಿ ಕಿತ್ತುಕೊಳ್ಳುವ ತನಕ ತಾನು ಇನ್ನೂ ಹುಡುಗ ಎಂದುಕೊಂಡು ಹೊಡೆಯುತ್ತಲೇ ಇರುತ್ತಾನೆ. ನಮ್ಮ ಯಜಮಾನರ ಕೈಯಿಂದ ಚಾವಿ ಕಿತ್ತುಕೊಂಡವನು ಮಗ, ಅದನ್ನು ಕಾಯುವ ಕರ್ಮ ನನ್ನದು. ದೇವರಿಗೆ ದೀಪ ಹಚ್ಚಿಕೊಂಡು ಇರಬೇಕಾದ ವಯಸ್ಸಿನಲ್ಲಿ ನಾನು ಒಂದು ಚಾವಿಗೆ ಪೊಲೀಸಳಾದೆ.

ಯಜಮಾನರು ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಎದುರಿನ ರಿಕ್ಷಾ ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಹಿರಿಯರು. ಸವದತ್ತಿ ಗುಡ್ಡಕ್ಕೆ, ಕಿತ್ತೂರಿಗೆ, ಮದುವೆ ದಿಬ್ಬಣವಿದ್ದರೆ ರಾಮದುರ್ಗದ ತನಕವೂ ಹೋಗಿ ಬಂದವರು. ಆ ಸ್ಟ್ಯಾಂಡಿನಲ್ಲಿ ಒಂದೇ ಒಂದು ಕಾಯ್ದೆ, ಅದು ಪಾಳಿ. ಮೊದಲು ಬಂದ ಗಾಡಿ ಮುಂದೆ, ಆಮೇಲೆ ಬಂದದ್ದು ಅದರ ಹಿಂದೆ. ಮುಂದಿನ ಗಾಡಿಗೆ ಗಿರಾಕಿ ಹತ್ತಿ ಅದು ಜಾಗ ಬಿಡುವ ತನಕ ಹಿಂದಿನವನು ಯಾರನ್ನೂ ಹತ್ತಿಸಿಕೊಳ್ಳುವ ಹಾಗಿಲ್ಲ, ಎದುರಿಗೆ ಸ್ವಂತ ಬೀಗರು ಬಂದು ನಿಂತರೂ ಇಲ್ಲ. ಹೂಲಿಯ ತಂಗಿ ಮನೆಯಿಂದ ನಾನೊಮ್ಮೆ ತಲೆಯ ಮೇಲೆ ಕಡಲೆ ಚೀಲ ಹೊತ್ತುಕೊಂಡು ಬಸ್ಸಿಳಿದೆ. ಯಜಮಾನರ ಗಾಡಿ ಪಾಳಿಯಲ್ಲಿ ಹಿಂದೆ ಇತ್ತು. ಹತ್ತಲು ಹೋದರೆ, "ಏ ಗಂಗೀ, ಮುಂದಿನ ಗಾಡಿ ಹತ್ತು. ಇದು ನಂದು ಪಾಳಿ ಅಲ್ಲ" ಎಂದು ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸಿದರು. ಕಟ್ಟಿಕೊಂಡ ಗಂಡನ ಗಾಡಿ ಕಣ್ಣೆದುರು ಖಾಲಿ ನಿಂತಿರುವಾಗ, ನಾನು ಬೇರೆಯವರ ಗಾಡಿಗೆ ರೊಕ್ಕ ಕೊಟ್ಟು ನನ್ನ ಮನೆಗೆ ಬಂದೆ. ಆ ದಿನ ಅವರಿಗೆ ರೊಟ್ಟಿ ಹಾಕುವಾಗ ನಾನೂ ಪಾಳಿ ಹಚ್ಚಿದೆ. ಮೊದಲು ಎಮ್ಮೆ, ಆಮೇಲೆ ಅವರು.

ಇಂಥ ಮನುಷ್ಯರಿಗೆ ಕಣ್ಣಿನಲ್ಲಿ ಪೊರೆ ಬಂತು. ಬಂದದ್ದು ನಮಗೆ ಗೊತ್ತಾಯಿತು, ಅವರಿಗೆ ಮಾತ್ರ ಗೊತ್ತಾಗಲಿಲ್ಲ. ಬಜಾರದ ಸೀರೆ ಅಂಗಡಿಯ ಮುಂದೆ ಇಳಕಲ್ಲ ಸೀರೆ ಉಡಿಸಿ ನಿಲ್ಲಿಸಿದ್ದ ಬೊಂಬೆಯ ಮುಂದೆ ಗಾಡಿ ನಿಲ್ಲಿಸಿ, "ಬರ್ರಿ ಅಕ್ಕಾರ, ಎಲ್ಲಿಗ್ರೀ?" ಎಂದು ಕೇಳಿದರಂತೆ. ಬೊಂಬೆ ಸುಮ್ಮನಿತ್ತು. ಮತ್ತೊಮ್ಮೆ ಕೇಳಿದರು. ಮನೆಗೆ ಬಂದು ನನ್ನ ಮುಂದೆ, "ಈಗಿನ ಹೆಣ್ಣಮಕ್ಕಳಿಗಿ ಸೊಕ್ಕು ಭಾಳ ಆಗೇತಿ, ಬರೂದಿಲ್ಲ ಅನ್ನಾಕೂ ಬಾಯಿ ನೂಸತೈತಿ" ಎಂದರು. ಅದಾದ ಮೇಲೆ ಒಂದು ಸಂಜೆ ಕಬ್ಬಿನ ಹಾಲಿನ ಗಾಡಿಗೆ ಹೋಗಿ ಗುದ್ದಿದರು. ಹಿಂದೆ ಕುಂತ ದೇಗಾಂವದ ಬಾಣಂತಿ ಕೂಸನ್ನು ಅವಚಿಕೊಂಡು ಕಿರುಚಿದ್ದು ನಮ್ಮ ಓಣಿಯ ತನಕ ಸುದ್ದಿಯಾಯಿತು. ಪುಣ್ಯಕ್ಕೆ ಒಡೆದದ್ದು ಬರೀ ಗ್ಲಾಸು, ಬರ್ಫಿನ ಗಡ್ಡೆ. ಆ ಸಂಜೆಯೇ ಮಗ ಮಾಂತೇಶ ಚಾವಿ ತೆಗೆದುಕೊಂಡು ನನ್ನ ಕೈಯಲ್ಲಿಟ್ಟ. "ಯವ್ವಾ, ಮುಂಜಾನೆ ನಾ ಒಯ್ಯತೇನಿ, ಸಂಜೀಕ ನಿನಗ ತಂದ ಕೊಡತೇನಿ. ಯಪ್ಪ ಅತ್ತರೂ ಕೊಡಬ್ಯಾಡ" ಎಂದ. ಅಂದಿನಿಂದ ಚಾವಿ ನನ್ನ ಎಲೆಯಡಿಕೆ ಸಂಚಿಯಲ್ಲಿ, ಸಂಚಿ ನನ್ನ ಸೊಂಟದಲ್ಲಿ.

ಡಾಕ್ಟರು ಪೊರೆ ತೆಗೆಸಬೇಕು ಎಂದರು. "ಸುಲದ ತಗ್ಯಾಕ ಕಣ್ಣೇನು ಬಾಳಿಹಣ್ಣೇನು?" ಎಂದು ಯಜಮಾನರು ಎದ್ದು ಬಂದುಬಿಟ್ಟರು. ಕಣ್ಣು ತೋರಿಸುವುದಿಲ್ಲ, ಚಾವಿ ಮಾತ್ರ ಬೇಕು. ಬೆಳಿಗ್ಗೆ ಚಾವಿ, ಊಟಕ್ಕೆ ಕುಂತರೆ ಚಾವಿ, ನಾನು ಎಲೆ ಹಾಕಿಕೊಳ್ಳಲು ಸಂಚಿ ಬಿಚ್ಚಿದರೆ ಬೆಕ್ಕು ಹಾಲು ನೋಡುವ ಹಾಗೆ ನೋಡುವುದು. ನನಗೆ ಕರುಣೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇರಲಿಲ್ಲ. ಗುದ್ದಿಕೊಂಡು ಅವರು ಸತ್ತರೆ ಅವರ ಹಣೆಬರಹ, ವಯಸ್ಸೂ ಆಗಿದೆ. ಹಿಂದೆ ಕುಂತವರು ಯಾರ ಮನೆಯ ಮಕ್ಕಳೋ ಏನೋ. ಅವರ ಮನೆಯವರು ಬಂದು ನಮ್ಮ ಬಾಗಿಲಲ್ಲಿ ಕುಂತು ಅತ್ತರೆ ನಾನು ಯಾವ ಬಾಯಿಂದ ಸಮಾಧಾನ ಹೇಳಲಿ? ನನ್ನ ಕಣ್ಣು ಹಾಗಲ್ಲ, ಇನ್ನೂ ಗಟ್ಟಿ. ಸೂಜಿಗೆ ದಾರ ಪೋಣಿಸಲು ಸೊಸೆಗೆ ಕೊಡುತ್ತೇನೆ ನಿಜ, ಆದರೆ ಈಗಿನ ಸೂಜಿಗಳಿಗೆ ತೂತೇ ಸರಿಯಾಗಿ ಇರುವುದಿಲ್ಲ.

ಮನೆಯಲ್ಲಿ ಕುಂತ ಗಂಡಸು ಕೆಟ್ಟ ಹಲ್ಲಿದ್ದ ಹಾಗೆ, ಕೀಳಲೂ ಆಗುವುದಿಲ್ಲ, ನಾಲಿಗೆ ಅತ್ತಲೇ ಹೋಗುತ್ತದೆ. ಸಾರಿಗೆ ಉಪ್ಪು ಎಷ್ಟು ಹಾಕಿದೆ, ಹಾಲಿನವ ಯಾಕೆ ತಡ ಮಾಡಿದ, ಬಚ್ಚಲಿಗೆ ನೀರು ಯಾಕೆ ಇಷ್ಟು, ಎಲ್ಲ ಅವರಿಗೆ ಬೇಕು. ಕೂಸು ಅತ್ತರೆ ಗಿಲಗಂಚಿ ಕೊಡುವ ಹಾಗೆ, ಮಾಂತೇಶ ಒಂದು ದಿನ ಅವರ ಫೋನಿನಲ್ಲಿ ಒಂದು ಆಟ ಹಾಕಿಕೊಟ್ಟ. ರಿಕ್ಷಾ ಹೊಡೆಯುವ ಆಟ. ಫೋನಿನೊಳಗೆ ಒಂದು ಊರು, ದೊಡ್ಡ ದೊಡ್ಡ ಮನೆಗಳು, ನುಣ್ಣನೆಯ ರಸ್ತೆ. ಕೆಳಗಡೆ ಒಂದು ರಿಕ್ಷಾ. ಬೆರಳಿನಿಂದ ಒತ್ತಿದರೆ ಓಡುತ್ತದೆ. ರಸ್ತೆಯ ಬದಿಗೆ ಜನ ಕೈ ಮಾಡುತ್ತಾರೆ, ಹೋಗಿ ನಿಲ್ಲಿಸಿದರೆ ಹತ್ತುತ್ತಾರೆ, ಅವರನ್ನು ಒಯ್ದು ಇಳಿಸಬೇಕು. ಇಷ್ಟೇ. ನಾಲ್ಕು ದಿನಕ್ಕೆ ಬೇಸರವಾದೀತು ಎಂದು ನಾನು ತಿಳಿದೆ. ನಾನು ತಿಳಿದದ್ದು ಎಂದಾದರೂ ಸರಿಯಾಗಿದೆಯೇ?

ಮರುದಿನ ಅವರು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಖಾಕಿ ಅಂಗಿ ತೆಗೆದು ಹಾಕಿಕೊಂಡರು. ಫೋನಿಗೆ ಊದಿನಕಡ್ಡಿ ಬೆಳಗಿದರು. ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕುಂತು, ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಶುರು ಮಾಡಿದರು. ಪೊಂಯ್, ಪೊಂಯ್. ಢಬ್! ಪೊಂಯ್. ಢಬ್! ಆ ಢಬ್ ಎಂದರೆ ಎಲ್ಲೋ ಹೋಗಿ ಗುದ್ದಿದರು ಎಂದು ಅರ್ಥ. ಗಾಡಿ ಎಡಕ್ಕೆ ತಿರುಗಿದರೆ ಇವರೂ ಎಡಕ್ಕೆ ವಾಲುವರು. ಎಡಕ್ಕೆ ನಾನು ಮೊರ ಹಿಡಿದು ಜೋಳ ಹಸನು ಮಾಡುತ್ತ ಕುಂತಿರುತ್ತಿದ್ದೆ. ಜೋಳವೆಲ್ಲ ನೆಲದ ಪಾಲು. ಬಲಕ್ಕೆ ತಿರುಗಬೇಕಾದರೆ, ಹಿಂದೆ ಬರುವವರಿಗೆ ತಿಳಿಯಲಿ ಎಂದು ಬಲಗೈ ಹೊರಗೆ ಚಾಚುವರು. ಹಿಂದೆ ಬರುವವರು ಯಾರು? ಚಹಾ ತರುತ್ತಿದ್ದ ಸೊಸೆ ಸವಿತಾ. ಬಸಿ ಒಂದು ಕಡೆ, ಕಪ್ಪು ಒಂದು ಕಡೆ. "ಮಾವಾರ, ಮನಿಯಾಗ ಯಾಕ್ರೀ ಕೈ ಮಾಡತೀರಿ?" ಎಂದು ಅವಳು ಕೇಳಿದರೆ, "ನೀ ದೂರ ಇಟಗೊಂಡು ಬರಬೇಕವಾ, ಮುಂದಿನ ಗಾಡಿಗಿ ಅಂಟಿಕೊಂಡು ಬರಬಾರ್ದು" ಎಂದು ಅವಳಿಗೇ ಬುದ್ಧಿ.

ಒಂದು ದಿನ ತಾಳಲಾರದೆ ಕೇಳಿದೆ. "ಅಲ್ರೀ, ಜೀವಮಾನ ಎಲ್ಲಾ ಅದನ್ನ ಮಾಡಿದ್ರಿ. ಮತ್ತ ಅದನ್ನ ಆಟ ಅಂತ ಆಡತೀರಲ್ಲ, ಏನೈತಿ ಅದರಾಗ?"

"ನಿನಗ ತಿಳ್ಯೂದಿಲ್ಲ ಗಂಗೀ. ಇಲ್ಲಿ ಮಂದಿ ಭಾಳ ಶ್ಯಾಣ್ಯಾರು. ಎಷ್ಟು ತಗೋತೀ ಅಂತ ಕೇಳೂದಿಲ್ಲ, ಚಿಲ್ರಿ ಇಲ್ಲ ಅನ್ನೂದಿಲ್ಲ. ಸುಮ್ಮನ ಹತ್ತತಾರ, ಸುಮ್ಮನ ಇಳೀತಾರ. ಯಾರ ಕೈಯಾಗೂ ಆಡು ಇಲ್ಲ, ಕೋಳಿ ಇಲ್ಲ. ಒಬ್ಬರೂ ಗಾಡ್ಯಾಗ ವಾಂತಿ ಮಾಡಿಲ್ಲ. ಪಂಚರ್ ಇಲ್ಲ, ಪೊಲೀಸ ಇಲ್ಲ. ಪಲ್ಟಿ ಆದ್ರೂ ಗಾಡಿ ತನ್ನಷ್ಟಕ ತಾನ ಎದ್ದ ನಿಂದರತೈತಿ."

"ಹಂಗಾದ್ರ ಅದು ರಿಕ್ಷಾ ಅಲ್ಲ, ಸ್ವರ್ಗ. ಸತ್ತ ಮ್ಯಾಲ ಹೊಡೀರಿ, ಈಗ ಎದ್ದು ಆ ಜ್ವಾಳ ಬಳೀರಿ."

ಬಳಿದರು ಎಂದು ನೀವು ತಿಳಿದಿದ್ದರೆ ನಿಮಗೆ ನಮ್ಮ ಯಜಮಾನರು ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಆ ಆಟದ ರುಚಿ ಏನೆಂದು ನನಗೆ ತಿಳಿದಿತ್ತು. ಅದರಲ್ಲಿ ಯಾರೋ ಇವರಿಗೆ ಕೈ ಮಾಡುತ್ತಿದ್ದರು. ಮನೆಯಲ್ಲಿ ಕುಂತ ಮುದುಕನಿಗೆ ಕೈ ಮಾಡುವವರು ಯಾರು? ನಾವು ಕೈ ಮಾಡಿದರೂ ಅದು ಆಚೆ ಸರಿಯಿರಿ ಎನ್ನುವುದಕ್ಕೆ. ತಿಳಿದಿತ್ತು ಎಂದ ಮಾತ್ರಕ್ಕೆ ಆ ಪೊಂಯ್ ಪೊಂಯ್ ಕಿವಿಗೆ ಹಿತವಾಗುವುದಿಲ್ಲ. ಒಲೆಯ ಮುಂದೆ ಕುಂತರೂ ಬಸ್‌ಸ್ಟ್ಯಾಂಡಿನಲ್ಲಿ ರೊಟ್ಟಿ ಬಡಿದ ಹಾಗೆ ಆಗುತ್ತಿತ್ತು.

ಆಟ ಆಟವಾಗಿ ಇದ್ದಿದ್ದರೆ ನಾನು ಕಿವಿಗೆ ಅರಳೆ ಇಟ್ಟುಕೊಂಡು ಬದುಕುತ್ತಿದ್ದೆ. ರಾಮದುರ್ಗದಲ್ಲಿ ಸವಿತಾಳ ತಂಗಿಯ ಕುಬಸ ಬಂತು. ಚೊಚ್ಚಲ ಬಸುರಿ, ಗಂಡ ಹೆಂಡತಿ ಇಬ್ಬರೂ ಹೋಗಲೇಬೇಕು. ಬಸ್ಸಿಗೆ ಹೋಗಿ ಕೆಲವು ದಿನ ಇದ್ದು ಬರುವುದು ಎಂದಾಯಿತು. ಅಷ್ಟು ದಿನ ರಿಕ್ಷಾ ಅಂಗಳದಲ್ಲಿ ಖಾಲಿ ನಿಲ್ಲುತ್ತದೆ ಎನ್ನುವುದು ಯಜಮಾನರ ತಲೆಯೊಳಗೆ ಹೊಕ್ಕಿತು. ಮಗನನ್ನು ಕೇಳಿದರು. ಅವನು ಜಾಣ, "ಯವ್ವನ ಕೇಳು" ಎಂದು ಜಾರಿಕೊಂಡ. ಆಗ ಇವರು ಸಾಕ್ಷಿಗೆ ಗೆಳೆಯ ಇಮಾಮಸಾಬರನ್ನು ಕರೆದುಕೊಂಡು ಬಂದು ನನ್ನ ಮುಂದೆ ಕುಂತರು. ಇಮಾಮಸಾಬರೂ ಅದೇ ಸ್ಟ್ಯಾಂಡಿನ ಹಳೆಯ ರಿಕ್ಷಾದವರು, ಈಗ ಬಿಟ್ಟಿದ್ದಾರೆ. ಚಷ್ಮಾದ ಒಂದು ಕಾಲು ಮುರಿದು ದಾರ ಕಟ್ಟಿಕೊಂಡಿದ್ದಾರೆ.

"ನನ್ನ ಕಣ್ಣಿಗೆ ಏನ ಆಗೇತಿ? ಫೋನಿನಾಗ ಇಷ್ಟ ದಿನ ಹೊಡದೇನಿ. ಕಣ್ಣ ಕಾಣದವ ಹೊಡೀತಾನೇನು?" ಎಂದರು ಯಜಮಾನರು.

"ದಿನಾ ಢಬ್ ಢಬ್ ಅಂತೈತಲ್ಲ, ಅದೇನು ದೇವರ ಡೊಳ್ಳೇನು?" ಎಂದೆ ನಾನು.

"ಅದು ಚ್ಯಾಷ್ಟಿಗಿ ಹೊಡದದ್ದು. ಮನಸ ಕೊಟ್ಟು ಹೊಡದ್ರ ಒಂದೂ ಆಗೂದಿಲ್ಲ."

ಇಲ್ಲಿ ನನ್ನ ನಾಲಿಗೆ ನನಗೆ ಕೈ ಕೊಟ್ಟಿತು. "ಹಂಗಾದ್ರ ನಾಳೆ ಸೂರ್ಯಾ ಹುಟ್ಟಿ ಮುಳಗೂತನಾ ಒಂದೂ ಢಬ್ ಇಲ್ಲದ ಹೊಡದ ತೋರಸ್ರಿ. ಚಾವಿ ನಿಮ್ಮ ಕೈಯಾಗ ಇಡತೇನಿ. ಢಬ್ ಅಂದ್ರ ದವಾಖಾನಿಗೆ ಬರಬೇಕು."

"ವೈನಿ ಮಾತು ಕೊಟ್ಟಾರ, ನಾ ಕೇಳೇನಿ" ಎಂದರು ಇಮಾಮಸಾಬರು. ಮನಸ್ಸಿನಲ್ಲಿ ನಾನು ದವಾಖಾನೆಗೆ ಆಗಲೇ ಬುತ್ತಿ ಕಟ್ಟಿದ್ದೆ. ಅವರ ಆಟದಲ್ಲಿ ಒಂದು ಎಲೆ ಹಾಕಿಕೊಂಡು ಉಗುಳುವಷ್ಟರಲ್ಲಿ ಎರಡು ಢಬ್ ಆಗುತ್ತಿದ್ದವು.

ಮರುದಿನ ಬೆಳಿಗ್ಗೆ ಖಾಕಿ ಅಂಗಿ ಬಂತು, ಊದಿನಕಡ್ಡಿ ಆಯಿತು. ಇಮಾಮಸಾಬರು ಬಂದು ಪಕ್ಕದಲ್ಲಿ ಕುಂತರು. ನಾನು ಅಡಿಗೆ ಮನೆಯಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ಕುಂತೆ. ಒಂದೆರಡು ಪೊಂಯ್ ಕೇಳಿತು. ಆಮೇಲೆ ಇಲ್ಲ. ಪೊಂಯ್ ಇಲ್ಲ, ಢಬ್ ಇಲ್ಲ, ಏನೂ ಇಲ್ಲ. ರೊಟ್ಟಿ ಬಡಿದು ಮುಗಿಸಿದೆ, ಪಲ್ಯಕ್ಕೆ ಒಗ್ಗರಣೆ ಹಾಕಿದೆ, ಇನ್ನೂ ಇಲ್ಲ. ಇಬ್ಬರೂ ಸತ್ತರೋ ಹೇಗೆ ಎಂದು ಹೋಗಿ ನೋಡಿದರೆ, ಫೋನನ್ನು ನಡುವೆ ಇಟ್ಟುಕೊಂಡು ಹಳೆಯ ಸುದ್ದಿ ಹೇಳಿಕೊಳ್ಳುತ್ತ ಕುಂತಿದ್ದಾರೆ. ಉಗರಗೋಳದ ಚಡಾವಿನಲ್ಲಿ ಯಾರ ಗಾಡಿ ಹಿಂದಕ್ಕೆ ಬಂತು, ಕಿತ್ತೂರಿನ ಯಾವ ಅಂಗಡಿಯಲ್ಲಿ ಮಿರ್ಚಿ ಚಲೋ ಇತ್ತು, ಇದೇ ಮಾತು. ಪರದೆ ಆರಬಾರದೆಂದು ಆಗಾಗ ಬೆರಳಿನಿಂದ ಒಮ್ಮೆ ಮುಟ್ಟುವುದು, ಮತ್ತೆ ಮಾತು. ಊಟ ಮಾಡಿದರು, ಎಲೆ ಹಾಕಿಕೊಂಡರು, ಚಹಾ ಕುಡಿದರು. ಬಿಸಿಲು ಇಳಿಯಿತು. ಮಾಂತೇಶ ಗಾಡಿ ತಂದು ನಿಲ್ಲಿಸಿ ಚಾವಿ ನನ್ನ ಕೈಗೆ ಕೊಟ್ಟ. ಸೂರ್ಯ ಮುಳುಗಿದ. ಢಬ್ ಇಲ್ಲ.

ಯಜಮಾನರು ಎದ್ದು ನನ್ನ ಮುಂದೆ ಬಂದು ಕೈ ಚಾಚಿದರು. "ತಗಿ ಚಾವಿ."

ನಾನು ಸಂಚಿಯನ್ನು ಒತ್ತಿ ಹಿಡಿದುಕೊಂಡು ಕೇಳಿದೆ, "ಎಷ್ಟ ಮಂದೀನ ಇಳಿಸಿದ್ರಿ?"

"ಯಾರನ್ನೂ ಇಲ್ಲ. ನನ್ನ ಪಾಳಿನ ಬಂದಿಲ್ಲ."

"ಯಾವ ಪಾಳಿ?"

"ಇಷ್ಟ ದಿನ ಹುಡುಗರಂಗ ರಸ್ತಾದಾಗ ಸಿಕ್ಕವರನ್ನ ಎತಗೊಂಡು ಓಡಾಡಿದ್ನಿ. ಪರೀಕ್ಷಾ ಅಂದ ಮ್ಯಾಲ ಕಾಯ್ದೆ ಪ್ರಕಾರ ಮಾಡಬೇಕಲ್ಲ? ಫೋನಿನಾಗ ಒಂದು ಸ್ಟ್ಯಾಂಡ್ ಐತಿ. ಹೋಗಿ ಪಾಳಿ ಹಚ್ಚೇನಿ. ಮುಂದ ಒಂದು ಗಾಡಿ ನಿಂತೈತಿ. ಅದು ಹೋಗೂತನಾ ನಾ ಹೆಂಗ ಹೋಗಲಿ?"

ಮುಂಜಾನೆಯಿಂದ ಸಂಜೆಯ ತನಕ ಇಬ್ಬರು ಮುದುಕರು ಫೋನಿನೊಳಗಿನ ಸ್ಟ್ಯಾಂಡಿನಲ್ಲಿ ಪಾಳಿ ಕಾಯುತ್ತ ಕುಂತಿದ್ದರು! ನಾನು ಹಣೆ ಬಡಿದುಕೊಂಡೆ. "ಗಾಡಿ ಬಿಟ್ಟಿಲ್ಲಂದ ಮ್ಯಾಲ ಗುದ್ದಲಿಲ್ಲ ಅನ್ನೂದೇನು ದೊಡ್ಡ ಮಾತು? ನಮ್ಮ ಒಳ್ಳಕಲ್ಲೂ ಗುದ್ದಿಲ್ಲ ಮುಂಜಾನಿಂದ, ಅದಕ್ಕೂ ಚಾವಿ ಕೊಡ್ಲೇನು?"

"ಹೊಡದ ತೋರಸ್ರಿ ಅಂದ್ರಿ ವೈನಿ. ಪಾಳ್ಯಾಗ ನಿಂದರೂದೂ ಹೊಡಿಯೂ ಕೆಲಸದಾಗ ಬರತೈತಿ. ನಮ್ಮದು ಅರ್ಧ ಜೀವಮಾನ ನಿಂತ ಹೋಗೇತಿ. ಗುದ್ದಿಲ್ಲ ಅನ್ನೂದು ಅಂತೂ ಖರೇ" ಎಂದರು ಇಮಾಮಸಾಬರು. ಸಾಕ್ಷಿ ಹೇಳುವವರಿಗೆ ಚಹಾ ಕೊಡಬಾರದು ಎಂದು ನನಗೆ ಆಗ ತಿಳಿಯಿತು.

ಮಾತು ಕೊಟ್ಟದ್ದು ನಾನೇ. ಸೊಂಟದ ಸಂಚಿ ಕಲ್ಲು ಕಟ್ಟಿದ ಹಾಗೆ ಭಾರವಾಯಿತು. ನಾಳೆ ಮಗ ಇರುವುದಿಲ್ಲ, ಇವರು ಗಾಡಿ ತೆಗೆದುಕೊಂಡು ಬಜಾರಕ್ಕೆ ಹೋಗುತ್ತಾರೆ, ಯಾವುದೋ ಬಾಣಂತಿ ಹಿಂದೆ ಕುಂತಿರುತ್ತಾಳೆ. ಏನಾದರೂ ಮಾಡಿ ಹೊತ್ತು ನೂಕಬೇಕು ಎಂದು ಕೇಳಿದೆ, "ಆ ಮುಂದಿನ ಗಾಡಿ ಯಾಕ ಹೋಗವಲ್ದು?"

"ಪಾಪ, ಅವಂಗ ಗಿರಾಕಿ ಹತ್ತಿಲ್ಲ. ಮುಂಜಾನಿಂದ ಹಂಗ ಕುಂತಾನ ನೋಡು. ಖಾಕಿ ಅಂಗಿ, ದೊಡ್ಡ ಮೀಸಿ. ನಮ್ಮ ವಾರಿಗಿಯಾವನ ಇದ್ದಂಗ ಕಾಣತಾನ" ಎಂದು ಫೋನು ನನ್ನ ಕೈಗೆ ಕೊಟ್ಟರು.

ನೋಡಿದೆ. ಇವರ ಗಾಡಿಯ ಮುಂದೆ ಒಂದು ಗಾಡಿ ನಿಂತಿತ್ತು. ಒಳಗೆ ಕತ್ತಲೆ. ಯಾರೂ ಇಲ್ಲ. ನನಗೆ ಹೋದ ಜೀವ ಬಂದಂತಾಯಿತು. "ಯಾರ ಅದಾರ್ರೀ ಇದರಾಗ? ಗಾಡಿ ಖಾಲಿ ಐತಿ!"

"ಏ ಹುಚ್ಚಿ, ಸರಿ ನೋಡು."

"ಸರಿನ ನೋಡೇನಿ. ಡ್ರೈವರೂ ಇಲ್ಲ, ಮೀಸೀನೂ ಇಲ್ಲ. ಇಮಾಮಸಾಬರ, ನೀವ ನೋಡಿ ಹೇಳ್ರಿ."

ಇಮಾಮಸಾಬರು ದಾರ ಕಟ್ಟಿದ ಚಷ್ಮಾ ಏರಿಸಿದರು, ಇಳಿಸಿದರು. ಇತ್ತ ಹಳೆಯ ಗೆಳೆಯ, ಅತ್ತ ಚಹಾ ಕೊಡುವ ವೈನಿ. ಬಹಳ ಹೊತ್ತು ನೋಡಿ, "ಚಾ ಕುಡ್ಯಾಕ ಹೋಗಿರಬೇಕು ಬಿಡ್ರಿ" ಎಂದರು.

ನನಗೆ ಅಷ್ಟು ಸಾಕಾಗಿತ್ತು. ಆ ಮಾತನ್ನೇ ಹಿಡಿದುಕೊಂಡೆ. "ಕೇಳಿದ್ರಿಲ್ಲ? ಇಲ್ಲದ ಮನಷ್ಯಾಗ ಅಂಗಿ ತೊಡಿಸಿ ಮೀಸಿ ಹಚ್ಚೀರಿ. ಅವತ್ತ ಬೊಂಬಿಗಿ ಅಕ್ಕಾರ ಅಂದ್ರಿ. ನಾಳೆ ರಸ್ತಾದಾಗ ಇದ್ದ ಮನಷ್ಯಾನ್ನ ಇಲ್ಲ ಅಂತ ತಿಳದು ಮ್ಯಾಲ ಹಾಯಸ್ತೀರಿ. ಹೇಳ್ರಿ, ಚಾವಿ ಕೊಡ್ಲೋ ಬ್ಯಾಡೋ? ನೀವ ಹೇಳ್ರಿ."

ಯಜಮಾನರು ಫೋನು ಇಸಿದುಕೊಂಡು ನೋಡಿದರು. ನನ್ನನ್ನು ನೋಡಿದರು. ನನ್ನ ದನಿ ಅಷ್ಟು ಗಟ್ಟಿಯಾಗಿತ್ತು, ನನ್ನ ಗಂಟಲಿನ ಮುಂದೆ ಅವರ ಕಣ್ಣಿನ ಮೇಲೆ ಅವರಿಗೇ ನಂಬಿಕೆ ಹೋಯಿತು. ಖಾಕಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಬಂದು, "ಬ್ಯಾಡ. ನಾಳೆ ದವಾಖಾನಿಗೆ ಹೋಗೂಣು" ಎಂದರು. ಇಮಾಮಸಾಬರು ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಹೋದರು. ಗೆದ್ದೆ ಎಂದು ನಾನು ಒಂದು ಎಲೆ ಹೆಚ್ಚಿಗೆ ಹಾಕಿಕೊಂಡೆ.

ಬಾಯಿ ಕೆಂಪಾಗುವುದಕ್ಕೂ ಬಿಡಲಿಲ್ಲ. ಯಜಮಾನರು ಹಿತ್ತಲಿಗೆ ಹೋದಾಗ ಸವಿತಾ ಫೋನನ್ನು ಚಾರ್ಜಿಗೆ ಹಾಕಲು ಬಂದವಳು ಪರದೆ ನೋಡಿ ನಕ್ಕಳು. "ಅತ್ತೀ, ಮಾವಾರು ಇಲ್ಲಿ ಯಾಕ ನಿಂತಾರ್ರೀ? ಈ ಮುಂದಿನ ಗಾಡಿ ಬರೇ ಚಿತ್ರರೀ. ವರ್ಷ ನಿಂತ್ರೂ ಹೋಗೂದಿಲ್ಲ."

"ಹೋಗೂದು ಹೆಂಗವಾ, ಡ್ರೈವರ ಇಲ್ಲದ?"

"ಅದಾನಲ್ರೀ."

"ಎಲ್ಲಿ?"

"ಇಲ್ಲೇ ಕುಂತಾನಲ್ರೀ. ಖಾಕಿ ಅಂಗಿ ಹಾಕ್ಯಾನ. ಅಯ್ಯ, ಮೀಸಿ ನೋಡ್ರಿ ಎಷ್ಟ ದೊಡ್ಡೂವು!"

ಫೋನು ಇಸಿದುಕೊಂಡೆ. ದೂರ ಹಿಡಿದೆ, ಹತ್ತಿರ ಹಿಡಿದೆ, ದೀಪದ ಕೆಳಗೆ ಹಿಡಿದೆ. ಸೆರಗಿನಿಂದ ಫೋನು ಒರೆಸಿದೆ, ಆಮೇಲೆ ಕಣ್ಣು ಒರೆಸಿದೆ. ಗಾಡಿ ಕಂಡಿತು. ಗಾಡಿಯೊಳಗೆ ಕತ್ತಲೆ ಕಂಡಿತು. ಅದರಾಚೆ ದೇವರಾಣೆಗೂ ಏನೂ ಇಲ್ಲ. ಆ ಮೀಸೆಯ ಒಂದು ಕೂದಲೂ ನನಗೆ ಕಾಣಲಿಲ್ಲ. ಪೊರೆಯ ಕಣ್ಣಿನ ಮುದುಕ ಮೂಗಿಗೆ ಹಚ್ಚಿ ನೋಡಿದ್ದು ಸರಿ ಇತ್ತು. ಎದೆ ತಟ್ಟಿ ಹೇಳಿದವಳದೇ ಸುಳ್ಳು.

ಸವಿತಾ ನನ್ನ ಮುಖ ನೋಡಿದಳು. ಬುದ್ಧಿವಂತೆ, ತಿಳಿದುಕೊಂಡಳು. "ಮಾವಾರಿಗೆ ಹೇಳಬೇಕಲ್ರೀ ಅತ್ತೀ?"

"ಏನಂತ ಹೇಳತೀ? ಹೇಳಿದ್ರ ಚಾವಿ ಕೊಡಬೇಕಾಗತೈತಿ. ಬಜಾರದಾಗ ಬೊಂಬಿಗಳು ಅದಾವ, ಕಬ್ಬಿನ ಗಾಡಿ ಅದಾವ. ಬಾಯಿ ಮುಚಗೊಂಡು ರಾಮದುರ್ಗಕ್ಕ ಹೋಗು."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಗುತ್ತಿದ್ದಳೋ ಏನೋ, ಅದೂ ನನಗೆ ಸರಿಯಾಗಿ ಕಾಣಲಿಲ್ಲ. ನ್ಯಾಯ ಅನ್ಯಾಯ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅವರು ಸತ್ಯ ನೋಡಿ ಸೋತರು, ನಾನು ಸುಳ್ಳು ನೋಡಿ ಗೆದ್ದೆ. ರಸ್ತೆಯಲ್ಲಿ ಹೋಗುವ ಜನ ಬದುಕಿದರು, ಲೆಕ್ಕ ಸರಿಯಾಯಿತು.

ಮರುದಿನ ಬೆಳಿಗ್ಗೆ ಮಗ ಸೊಸೆ ಬಸ್ಸು ಹತ್ತಿದ ಮೇಲೆ ಯಜಮಾನರನ್ನು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆ. ಚೀಟಿ ಬರೆಯುವ ಹುಡುಗಿ, "ಯಾರಿಗ್ರೀ ಅಮ್ಮಾರ, ಅಜ್ಜಾರಿಗೇನು?" ಎಂದಳು. "ಇಬ್ಬರಿಗೂ ಬರಿ" ಎಂದೆ. ಯಜಮಾನರು ಬೆರಗಾಗಿ, "ನಿನಗೇನಾಗೇತಿ ಗಂಗೀ?" ಎಂದರು. "ನನಗೇನೂ ಆಗಿಲ್ಲ. ನೀವು ಒಬ್ಬರ ಅಂಜತೀರಿ, ಜೋಡಿಗಿ ಇರಲಿ ಅಂತ ತೋರಸತೇನಿ" ಎಂದೆ. ಇಷ್ಟು ವರ್ಷಕ್ಕೆ ಹೆಂಡತಿಗೆ ತನ್ನ ಮೇಲೆ ಜೀವವಿದೆ ಎಂದು ಅವರಿಗೆ ಅನಿಸಿತೋ ಏನೋ, ಬೆಂಚಿನ ಮೇಲೆ ಸರಿದು, ಹೆಗಲ ಮೇಲಿನ ಟವೆಲ್ಲಿನಿಂದ ಧೂಳು ಜಾಡಿಸಿ ನನಗೆ ಜಾಗ ಮಾಡಿಕೊಟ್ಟರು. ನಾನು ನಾಚಿಕೆಯಿಲ್ಲದೆ ಕುಂತೆ.